ಡಿಟಿಪಿ ಮೇಜಿಗೆ ಟಚ್‌ಪ್ಯಾಡ್ ಬಂದ ದಿನ

ಏಪ್ರಿಲ್‌ನ ಒಂದು ಸೋಮವಾರ, ಮೈಸೂರಿನ ಸರಸ್ವತಿಪುರಂನ ಒಂದು ಡಿಟಿಪಿ ಅಂಗಡಿ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಿಂದ 240 ಪುಟದ ಕನ್ನಡ ಮಹಾಪ್ರಬಂಧವೊಂದು ತಿದ್ದುಪಡಿಗೆ ಬಂದಿತ್ತು. ಟೈಪ್ ಮಾಡುವ ಅಕ್ಕನಿಗೆ ಬಲಗೈ ಮಣಿಕಟ್ಟಿನಿಂದ ಭುಜದವರೆಗೂ ನೋವು. ಮೌಸ್ ಬದಲಿಗೆ ಹೊರಗಿನಿಂದ ಜೋಡಿಸುವ ಟಚ್‌ಪ್ಯಾಡ್ ಹಾಕಿ ನೋಡೋಣವೆಂದು ಅವತ್ತು ಬೆಳಿಗ್ಗೆ ಶುರುವಾಯಿತು.

ಮೊದಲು ಟೇಪು ಹಿಡಿದು ಅಳೆದದ್ದು ಒಳ್ಳೆಯದಾಯಿತು. ನಂಬರ್ ಪ್ಯಾಡ್ ಇರುವ ಪೂರ್ತಿ ಕೀಬೋರ್ಡ್ ಸುಮಾರು 44 ಸೆಂಟಿಮೀಟರ್ ಉದ್ದ. ಟೈಪ್ ಮಾಡುವವರು ಕೂರುವುದು ಜಿ ಮತ್ತು ಎಚ್ ಕೀಲಿಗಳ ನೇರಕ್ಕೆ. ಅಲ್ಲಿಂದ ಬಲ ಅಂಚಿಗೆ 30 ಸೆಂಟಿಮೀಟರ್ ಹತ್ತಿರ. ಅದರಾಚೆ ಮೌಸ್. ಅಂದರೆ ಪ್ರತಿ ಸಲ ಮೌಸ್ ಹಿಡಿಯಲು ತೋಳು ಮೈಯಿಂದ 35–40 ಸೆಂಟಿಮೀಟರ್ ಹೊರಕ್ಕೆ ಹೋಗಬೇಕು, ಭುಜ ಅಗಲಿಕೊಂಡೇ ಇರಬೇಕು. ನೋವಿನ ಒಂದು ಪಾಲು ಮೌಸ್‌ನದ್ದಲ್ಲ, ಆ ದೂರದ್ದು. ಟಚ್‌ಪ್ಯಾಡ್ ತಂದು ಮೌಸ್ ಇದ್ದ ಜಾಗದಲ್ಲೇ ಇಟ್ಟರೆ ದುಡ್ಡು ದಂಡ.

ಇಡಬೇಕಾದದ್ದು ಸ್ಪೇಸ್ ಬಾರ್ ಕೆಳಗೆ, ನಡುವೆ. ಆದರೆ ನಮ್ಮ ಅಂಗಡಿಗಳ ಕಂಪ್ಯೂಟರ್ ಟೇಬಲ್‌ಗಳಲ್ಲಿ ಕೀಬೋರ್ಡ್ ಕೂರುವುದು ಎಳೆಯುವ ಟ್ರೇ ಮೇಲೆ. ಇಲ್ಲಿನ ಟ್ರೇ ಅಗಲ 25 ಸೆಂಟಿಮೀಟರ್. ಕೀಬೋರ್ಡ್‌ಗೆ 15, ಪ್ಯಾಡ್‌ಗೆ 11 ಅಂದರೆ ಒಂದು ಸೆಂಟಿಮೀಟರ್ ಸಾಲದು, ಅಂಗೈ ಊರಲು ಜಾಗವೂ ಇಲ್ಲ. ಕೊನೆಗೆ ಪ್ಯಾಡ್ ಕೀಬೋರ್ಡ್‌ನ ಎಡಕ್ಕೆ ಹೋಯಿತು. ನಂಬರ್ ಪ್ಯಾಡ್ ಇರುವುದು ಬಲಕ್ಕಾದ್ದರಿಂದ ಎಡಗಡೆ ದೂರವೂ ಕಡಿಮೆ, ಬಲಗೈಗೆ ವಿಶ್ರಾಂತಿಯೂ ಸಿಕ್ಕಿತು. ಎಡಗೈಗೆ ಅಂತ ಬಟನ್ ಅದಲುಬದಲು ಮಾಡುವ ಅಗತ್ಯವಿಲ್ಲ. ಒಂದು ಬೆರಳು ತಟ್ಟಿದರೆ ಎಡ ಕ್ಲಿಕ್, ಎರಡು ಬೆರಳು ಒಟ್ಟಿಗೆ ತಟ್ಟಿದರೆ ಬಲ ಕ್ಲಿಕ್. ಯಾವ ಕೈಯಾದರೂ ಅದೇ. ಪ್ಯಾಡ್‌ನ ಬಲ ಮೂಲೆ ಒತ್ತಿದರೆ ರೈಟ್ ಕ್ಲಿಕ್ ಆಗುವ ಆಯ್ಕೆಯನ್ನು ಮಾತ್ರ ಆಫ್ ಮಾಡಬೇಕು. ಎಡಗೈಯ ಹೆಬ್ಬೆರಳು ತಾನಾಗಿ ಬಂದು ಕೂರುವುದೇ ಆ ಮೂಲೆಯಲ್ಲಿ.

ಸನ್‌ಮೈಕಾ ಮೇಲೆ ಪ್ಯಾಡ್ ಜಾರುತ್ತದೆ. ಒದ್ದೆ ಬಟ್ಟೆಯಲ್ಲಿ ಟ್ರೇ ಒರೆಸಿ, ಒಣಗಿಸಿ, ಅಡಿಗೆ ರಬ್ಬರ್ ಮ್ಯಾಟ್‌ನ ತುಂಡು ಹಾಸಿದ ಮೇಲೆ ನಿಂತಿತು.

ಇನ್ನು ಸೆಟ್ಟಿಂಗ್. ಕೊಳ್ಳುವವರು ಅಂಗಡಿಯಲ್ಲೇ ನೋಡಬೇಕಾದ ಒಂದು ವಿಷಯವಿದೆ. ವಿಂಡೋಸ್ 11ರಲ್ಲಿ ಪ್ಯಾಡ್ ಜೋಡಿಸಿ, ಸೆಟ್ಟಿಂಗ್ಸ್‌ನ ಬ್ಲೂಟೂತ್ ಅಂಡ್ ಡಿವೈಸಸ್ ತೆರೆದರೆ ಅಲ್ಲಿ ಟಚ್‌ಪ್ಯಾಡ್ ಎಂಬ ಪುಟ ಕಾಣಬೇಕು. ಕಂಡರೆ ಅದು ಪ್ರಿಸಿಷನ್ ಟಚ್‌ಪ್ಯಾಡ್. ಬೆರಳಿನ ಲೆಕ್ಕ ಹಿಡಿಯುವುದು, ಸನ್ನೆ ಗುರುತಿಸುವುದು ವಿಂಡೋಸ್‌ನ ಕೆಲಸ. 2013ರಲ್ಲಿ ವಿಂಡೋಸ್ 8.1 ಜತೆ ಬಂದ ವ್ಯವಸ್ಥೆ ಇದು. ಆ ಪುಟ ಕಾಣದಿದ್ದರೆ ಪ್ಯಾಡ್ ತನ್ನನ್ನು ಬರೀ ಮೌಸ್ ಎಂದು ಹೇಳಿಕೊಂಡಿದೆ ಎಂದರ್ಥ. ಬಾಣ ಓಡಾಡುತ್ತದೆ, ಕ್ಲಿಕ್ ಆಗುತ್ತದೆ, ಮೂರು ಬೆರಳಿನ ಸನ್ನೆಗಳನ್ನು ನಮಗೆ ಬೇಕಾದಂತೆ ಬದಲಿಸಲು ಆಗುವುದಿಲ್ಲ. ಆಪಲ್‌ನ ಮ್ಯಾಜಿಕ್ ಟ್ರ್ಯಾಕ್‌ಪ್ಯಾಡ್ ಮ್ಯಾಕ್‌ಗೆಂದು ಮಾಡಿದ್ದು. ವಿಂಡೋಸ್‌ನಲ್ಲಿ ಅದರ ಎಲ್ಲ ಸನ್ನೆ ಬೇಕಿದ್ದರೆ ಬೇರೆ ಡ್ರೈವರ್ ಹಾಕಬೇಕು.

ಸೆನ್ಸಿಟಿವಿಟಿಯನ್ನು ಮೀಡಿಯಂಗೆ ತಂದು, ಬಾಣದ ವೇಗವನ್ನು ನಡುವಿಗಿಂತ ಒಂದೆರಡು ಮನೆ ಮೇಲಕ್ಕೆ ಇಟ್ಟಾಯಿತು. ಹೊಸಬರು ವೇಗ ಕಡಿಮೆ ಇಡುತ್ತಾರೆ. ಆಗ ಪರದೆಯ ಈ ತುದಿಯಿಂದ ಆ ತುದಿಗೆ ಹೋಗಲು ಬೆರಳನ್ನು ಮೂರು ಸಲ ಎತ್ತಿ ಎತ್ತಿ ಎಳೆಯಬೇಕಾಗಿ ಬೆರಳಿನ ಗಂಟೇ ನೋಯುತ್ತದೆ. ಒಂದೇ ಎಳೆತಕ್ಕೆ ಪರದೆ ದಾಟಬೇಕು, ಅಷ್ಟು ವೇಗ ಸರಿ. ಎರಡು ಬೆರಳು ಅಗಲಿಸಿ, ಕೂಡಿಸಿ ಪುಟ ಹಿಗ್ಗಿಸುವ ಕುಗ್ಗಿಸುವ ಪಿಂಚ್ ಟು ಜೂಮ್ ಆಫ್ ಮಾಡದಿದ್ದರೆ ಸ್ಕ್ರಾಲ್ ಮಾಡುವಾಗ ಪುಟ ಸುಮ್ಮನೆ ಚಿಕ್ಕದು ದೊಡ್ಡದು ಆಗುತ್ತಿರುತ್ತದೆ.

ಮಧ್ಯಾಹ್ನ ಎರಡರ ಹೊತ್ತಿಗೆ ಬಾಣ ತಾನೇ ನೆಗೆಯಲು ಶುರುವಾಯಿತು.

"ನೋಡಣ್ಣ, ಕೈ ಇಡೋಕ್ ಮುಂಚೇನೇ ಓಡೋಗ್ತದೆ," ಅಂದರು ಅಕ್ಕ.

ಬೆರಳನ್ನು ಗುರುತಿಸಲು ಟಚ್‌ಪ್ಯಾಡ್ ಒತ್ತಡ ಅಳೆಯುವುದಿಲ್ಲ. ಮೇಲ್ಪದರದ ಕೆಳಗಿರುವ ತಂತಿಜಾಲದ ವಿದ್ಯುತ್ ಕ್ಷೇತ್ರವನ್ನು ಬೆರಳು ಎಷ್ಟು ಬದಲಿಸಿತು ಎಂಬುದನ್ನು ಅಳೆಯುತ್ತದೆ. ಬೆವರಿನ ಹನಿಯೂ ಅದಕ್ಕೆ ಬೆರಳೇ. ಒಣ ಬಟ್ಟೆಯಲ್ಲಿ ಪ್ಯಾಡನ್ನೂ ಬೆರಳನ್ನೂ ಒರೆಸಿದರೂ ನೆಗೆತ ನಿಲ್ಲಲಿಲ್ಲ. ಆಗ ಅದೇ ಪ್ಯಾಡನ್ನು ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡುತ್ತಿದ್ದ ಲ್ಯಾಪ್‌ಟಾಪ್‌ಗೆ ಹಾಕಿದರೆ ಒಂದು ಚೂರೂ ಅಲುಗಾಡದೆ ನಿಂತಿತು. ದೋಷ ಪ್ಯಾಡ್‌ನದ್ದಲ್ಲ, ಅರ್ಥಿಂಗ್‌ನದ್ದು. ಕಂಪ್ಯೂಟರಿನ ಮೂರು ಪಿನ್ ಪ್ಲಗ್ಗನ್ನು ಯಾರೋ ಎರಡು ಪಿನ್ ಕನ್ವರ್ಟರ್ ಹಾಕಿ ಚುಚ್ಚಿದ್ದರು. ಅರ್ಥ್ ಇಲ್ಲದಾಗ ಎಸ್‌ಎಂಪಿಎಸ್‌ನ, ಅಂದರೆ ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆಯ, ಫಿಲ್ಟರ್ ಕೆಪಾಸಿಟರ್‌ಗಳ ಮೂಲಕ ಕ್ಯಾಬಿನೆಟ್‌ಗೆ 230 ವೋಲ್ಟ್‌ನ ಅರ್ಧದಷ್ಟು ಬಂದು ಕೂರುತ್ತದೆ. ಕರೆಂಟ್ ತೀರಾ ಅಲ್ಪ, ಮುಟ್ಟಿದರೆ ಜುಮ್ ಅನ್ನುತ್ತದೆ, ಟೆಸ್ಟರ್ ಮಿಣುಕುತ್ತದೆ. ಆ ಗದ್ದಲ ಯುಎಸ್‌ಬಿ ತಂತಿಯಲ್ಲಿ ಪ್ಯಾಡ್‌ವರೆಗೂ ಬಂದರೆ ಬೆರಳಿನ ಸಣ್ಣ ಬದಲಾವಣೆಯನ್ನು ಅದು ಗುರುತಿಸುವುದು ಹೇಗೆ? ಅರ್ಥ್ ಇರುವ ಸಾಕೆಟ್‌ಗೆ ನೇರ ಹಾಕಿದ ಮೇಲೆ ನೆಗೆತ ನಿಂತಿತು. ಹಳೆಯ ಕಟ್ಟಡಗಳಲ್ಲಿ ಮೂರನೇ ತೂತು ಇದ್ದರೂ ಒಳಗೆ ತಂತಿಯೇ ಇರದಿರಬಹುದು. ಎಲೆಕ್ಟ್ರಿಷಿಯನ್ ಕರೆಸಿ ನೋಡಿಸುವುದು ಪ್ಯಾಡ್‌ಗಿಂತ ಮನುಷ್ಯರಿಗೇ ಮುಖ್ಯ.

ವೈರ್‌ಲೆಸ್ ಪ್ಯಾಡ್ ಆದರೆ ತೊಂದರೆ ಬೇರೆ. ಯುಎಸ್‌ಬಿ 3ರ ಪೋರ್ಟ್, ಅದಕ್ಕೆ ಹಾಕಿದ ಹಾರ್ಡ್ ಡಿಸ್ಕ್ ಎರಡೂ 2.4 ಗಿಗಾಹರ್ಟ್ಸ್ ಆಸುಪಾಸು ಗದ್ದಲ ಎಬ್ಬಿಸುತ್ತವೆ. ಪ್ಯಾಡ್‌ನ ಸಿಗ್ನಲ್ ಹಿಡಿಯಲು ಯುಎಸ್‌ಬಿಗೆ ಚುಚ್ಚುವ ಪುಟ್ಟ ಡಾಂಗಲ್ ಪಕ್ಕದಲ್ಲೇ ಇದ್ದರೆ ಬಾಣ ತಡವರಿಸುತ್ತದೆ. ಒಂದು ಎಕ್ಸ್‌ಟೆನ್ಷನ್ ತಂತಿ ಹಾಕಿ ಡಾಂಗಲ್‌ ಅನ್ನು ಮೇಜಿನ ಮೇಲಕ್ಕೆ ತಂದರೆ ಸಾಕು.

ತಿದ್ದುವ ಕೆಲಸದಲ್ಲಿ ನಿಜವಾದ ಪರೀಕ್ಷೆ ಎಳೆಯುವುದು. ಮೌಸ್‌ನಲ್ಲಿ ಒತ್ತಿ ಹಿಡಿದು ಎಳೆದರಾಯಿತು. ಪ್ಯಾಡ್‌ನಲ್ಲಿ ಒಮ್ಮೆ ತಟ್ಟಿ, ಎತ್ತಿ, ತಕ್ಷಣ ಮತ್ತೆ ಇಟ್ಟು ಬೆರಳೆತ್ತದೆ ಎಳೆಯಬೇಕು. ಎರಡು ಸಾಲಿಗೆ ಸರಿ, ಅರ್ಧ ಪುಟಕ್ಕೆ ಬೇಡ. ಆರಂಭದಲ್ಲಿ ತಟ್ಟಿ, ಕೊನೆಗೆ ಹೋಗಿ ಶಿಫ್ಟ್ ಹಿಡಿದು ತಟ್ಟಿದರೆ ನಡುವಿನದೆಲ್ಲ ಆಯ್ಕೆಯಾಗುತ್ತದೆ. ಈ ಒಂದು ಅಭ್ಯಾಸ ಬಂದರೆ ಮೌಸ್ ನೆನಪಾಗುವುದು ಅರ್ಧ ಕಡಿಮೆಯಾಗುತ್ತದೆ.

ಕನ್ನಡಕ್ಕೆ ಇನ್ನೊಂದು ತೊಡಕಿದೆ. ಪ್ರಬಂಧದ ಹಳೆಯ ಅಧ್ಯಾಯಗಳು ಕನ್ನಡ ತಂತ್ರಾಂಶ ನುಡಿಯ ಆಸ್ಕಿ ಫಾಂಟ್‌ನಲ್ಲಿ, ಅಂದರೆ ಯೂನಿಕೋಡ್‌ಗಿಂತ ಹಿಂದಿನ ಪದ್ಧತಿಯಲ್ಲಿ, ಇದ್ದವು. ಅದರಲ್ಲಿ ಒತ್ತಕ್ಷರ ಬೇರೆಯೇ ತುಂಡು, ಮುಖ್ಯ ಅಕ್ಷರದ ಕೆಳಗೆ ಬಂದು ಕೂರುತ್ತದೆ. ಎರಡರ ನಡುವೆ ಕರ್ಸರ್ ಇಡುವುದು ಮೌಸ್‌ನಲ್ಲೇ ಕಷ್ಟ, ಪ್ಯಾಡ್‌ನಲ್ಲಿ ಪ್ರಯತ್ನಿಸಲೇಬಾರದು. ಪದದ ಹತ್ತಿರ ತಟ್ಟಿ, ಮುಂದಿನದನ್ನು ಬಾಣದ ಕೀಲಿಗಳಿಗೆ ಬಿಡಬೇಕು. ಯೂನಿಕೋಡ್‌ನಲ್ಲಿ ಈ ಕಷ್ಟವಿಲ್ಲ. ಅಲ್ಲಿ ಕರ್ಸರ್ 'ಕ್ತಿ'ಯ ಮುಂದೆ ಅಥವಾ ಹಿಂದೆ ನಿಲ್ಲುತ್ತದೆ, ಸಾಮಾನ್ಯವಾಗಿ ನಡುವೆ ನಿಲ್ಲುವುದಿಲ್ಲ. ಹಳೆಯ ಪೇಜ್ ಲೇಔಟ್ ತಂತ್ರಾಂಶಗಳಲ್ಲಿ ಎರಡು ಬೆರಳಿನ ಸ್ಕ್ರಾಲ್ ಕುಪ್ಪಳಿಸುವುದೂ ಉಂಟು. ಮೌಸ್ ಚಕ್ರದ ಒಂದು ಹಲ್ಲಿಗೆ ವಿಂಡೋಸ್‌ನಲ್ಲಿ 120 ಎಂಬ ಲೆಕ್ಕ. ಪ್ಯಾಡ್ ಅದಕ್ಕಿಂತ ಸಣ್ಣ ಸಣ್ಣ ಲೆಕ್ಕ ಕಳಿಸುತ್ತದೆ, ಹಳೆಯ ತಂತ್ರಾಂಶಕ್ಕೆ ಅದು ತಿಳಿಯುವುದಿಲ್ಲ. ಪೇಜ್ ಅಪ್, ಪೇಜ್ ಡೌನ್ ಬಳಸುವುದೇ ಮೇಲು.

ಸಂಜೆ ಐದಕ್ಕೆ ಭುಜದ ಬಿಗಿತ ಇಳಿದಿತ್ತು, ಆದರೆ ಎಡ ಮುಂಗೈ ಹಿಂಭಾಗದಲ್ಲಿ ಹೊಸ ಸೆಳೆತ. ನೋಡಿದರೆ ಕಾರಣ ಕಣ್ಣೆದುರೇ ಇತ್ತು: ತೋರುಬೆರಳನ್ನು ಪ್ಯಾಡ್‌ನಿಂದ ಅರ್ಧ ಅಂಗುಲ ಎತ್ತಿ ಹಿಡಿದು ಕಾಯುತ್ತಿದ್ದರು. ಬೆರಳೆತ್ತುವ ಸ್ನಾಯುಗಳಿಗೆ ಬಿಡುವೇ ಇಲ್ಲ. ಕೆಲಸವಿಲ್ಲದಾಗ ಕೈ ತೊಡೆಯ ಮೇಲೆ ಇರಬೇಕು. ಓಡಿಸುವಾಗ ಒಮ್ಮೆ ತೋರುಬೆರಳು, ಒಮ್ಮೆ ನಡುಬೆರಳು. ತಟ್ಟುವುದು ಹಗುರ, ಒತ್ತುವುದು ಬೇಡವೇ ಬೇಡ. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿಯುತ್ತಿದ್ದರೆ ಅದು ಮಣಿಕಟ್ಟಿನಲ್ಲಿ ನರ ಅದುಮಿದ ಲಕ್ಷಣವಿರಬಹುದು. ಅದಕ್ಕೆ ಯಾವ ಪ್ಯಾಡೂ ಮದ್ದಲ್ಲ, ಡಾಕ್ಟರಿಗೆ ತೋರಿಸಬೇಕು.

ಮೌಸನ್ನು ಕಿತ್ತು ಹಾಕಲಿಲ್ಲ. ಫೋಟೋ ಕತ್ತರಿಸುವುದು, ಕೋಷ್ಟಕದ ಗೆರೆ ಸರಿಸುವುದು ಬಲಗೈ ಮೌಸ್‌ಗೇ ಉಳಿದವು. ಎರಡನ್ನೂ ಒಟ್ಟಿಗೆ ಬಳಸುವವರು ಟಚ್‌ಪ್ಯಾಡ್ ಪುಟದಲ್ಲಿ ಮೌಸ್ ಇದ್ದಾಗಲೂ ಪ್ಯಾಡ್ ಆನ್ ಇರಲಿ ಎಂಬ ಚೌಕಕ್ಕೆ ಟಿಕ್ ಹಾಕಿರಬೇಕು. ಇಲ್ಲದಿದ್ದರೆ ಮರುದಿನ ಬೆಳಿಗ್ಗೆ ಪ್ಯಾಡ್ ಕೆಟ್ಟುಹೋಯಿತೆಂದು ಅಂಗಡಿಗೆ ಹೊತ್ತೊಯ್ಯುತ್ತಾರೆ.