ಎರಡನೇ ಫ್ಲೋರಿನಲ್ಲೇ ಸತ್ತೆ, ಆದರೂ ಲಕ್ ಅನ್ನಲಾರೆ

ನಿನ್ನೆ ರಾತ್ರಿ ಡಂಜನ್ ಕ್ರಾಲ್ ಸ್ಟೋನ್ ಸೂಪ್ ಅನ್ನೋ ಕಂಪ್ಯೂಟರ್ ಆಟದಲ್ಲಿ ಇನ್ನೊಂದು ಸಾವು. ಎರಡನೇ ಫ್ಲೋರು, ನಾಲ್ಕು ಗ್ನೋಲ್‌ಗಳು (ನಾಯಿ ಮುಖದ ರಾಕ್ಷಸರು), ನನ್ನ ಬಡಪಾಯಿ ಮಂತ್ರವಾದಿ. ಸ್ಕ್ರೀನ್‌ಶಾಟ್ ಕಳಿಸಿದರೆ ಗೆಳೆಯನದ್ದು ಯಾವಾಗಿನ ಉತ್ತರವೇ: "ಶುರುವಿನ ಫ್ಲೋರುಗಳೆಲ್ಲ ಬರೀ ಲಕ್ ಮಾರಾಯ, ಸುಮ್ನೆ ಹೊಸ ಆಟ ಶುರು ಮಾಡು."

ನಾನು ಒಪ್ಪುವುದಿಲ್ಲ. 2006ರಿಂದ ಇರುವ ಆಟ ಇದು, ಪುಕ್ಕಟೆ ಸಿಗುತ್ತದೆ, ಪ್ರತಿ ಸಲ ಹೊಸ ನಕ್ಷೆ, ಸತ್ತರೆ ಸತ್ತಂತೆ. ಮುಖ್ಯ ಡಂಜನ್ 15 ಫ್ಲೋರು. ನಾನು ಆಡಿಸಿದ ಪಾತ್ರಗಳಲ್ಲಿ ಜಾಸ್ತಿಯವು ಐದನೆಯದನ್ನು ನೋಡಿಯೇ ಇಲ್ಲ. ಆದರೆ ಆ ಸಾವುಗಳನ್ನು ಒಂದೊಂದಾಗಿ ನೆನೆಸಿಕೊಂಡರೆ, ಓಡಬೇಕಾದಲ್ಲಿ ನಿಂತಿದ್ದೇನೆ, ನಿಲ್ಲಬೇಕಾದಲ್ಲಿ ಓಡಿದ್ದೇನೆ.

ಓಗರ್ ಅನ್ನೋ ದೈತ್ಯನನ್ನು ತಗೊಳ್ಳಿ. ಅದರ ಗದೆಯ ಎರಡು ಏಟಿಗೆ ಮಂತ್ರವಾದಿ ಮುಗಿದ. ಆದರೆ ಅದರ ನಡಿಗೆ ನಮ್ಮಷ್ಟೇ. ದೂರದಲ್ಲಿ ಕಂಡಾಗಲೇ ತಿರುಗಿದರೆ ಮೆಟ್ಟಿಲು ಸಿಗುತ್ತದೆ. ಆಡರ್ ಹಾವು, ನರಿಗಳ ಹಿಂಡು ಹಾಗಲ್ಲ, ಅವು ನಮಗಿಂತ ಚುರುಕು. ಅವುಗಳಿಗೆ ಬೆನ್ನು ತೋರಿಸಿದರೆ ಕಚ್ಚಿಸಿಕೊಳ್ಳುವುದಷ್ಟೇ, ಒಂದೊಂದೇ ಎದುರಾಗುವಂತೆ ಕಾರಿಡಾರ್ ಹೊಕ್ಕು ಅಲ್ಲೇ ಹೊಡೆದಾಡಬೇಕು. ಯಾವುದರ ವೇಗ ಎಷ್ಟು ಅಂತ ಆಟವೇ ಹೇಳುತ್ತದೆ, ಆ ಪ್ರಾಣಿಯ ವಿವರ ತೆರೆದು ಓದುವ ತಾಳ್ಮೆ ಬೇಕು ಅಷ್ಟೇ.

ಗ್ನೋಲ್ ಗುಂಪಿಗೆ ಕಾರಿಡಾರ್ ಕೂಡ ಸಾಲದು. ಒಬ್ಬನ ಕೈಯಲ್ಲಿ ಹಾಲ್ಬರ್ಡ್ (ಉದ್ದ ಹಿಡಿಯ ಕೊಡಲಿ) ಇದ್ದರೆ ಮುಂದಿನವನ ಹಿಂದೆ ನಿಂತೇ ತಿವಿಯುತ್ತಾನೆ. ಇಲ್ಲಿ ಮೆಟ್ಟಿಲೇ ಗತಿ: ಹತ್ತುವಾಗ ಪಕ್ಕದ ಚೌಕದಲ್ಲಿ ಇರುವವರು ಮಾತ್ರ ಹಿಂದೆ ಬರುತ್ತಾರೆ, ಒಬ್ಬನೇ ಅಂಟಿಕೊಂಡಾಗ ಹತ್ತಿ, ಮೇಲೆ ಅವನನ್ನು ಮುಗಿಸಿ, ಸುಧಾರಿಸಿಕೊಂಡು ಮತ್ತೆ ಇಳಿಯಿರಿ. ಮೊದಲಾದರೆ ಹೀಗೆ ಕೂತು ಸುಧಾರಿಸಿಕೊಂಡರೆ ಹಸಿವಾಗುತ್ತಿತ್ತು, ಈಗ ಆಟದಲ್ಲಿ ಹಸಿವೇ ಇಲ್ಲ. ಇಷ್ಟೆಲ್ಲ ಗೊತ್ತಿದ್ದೂ ನಿನ್ನೆ ಏನು ಮಾಡಿದೆ? ಮೆಟ್ಟಿಲು ಆರೇ ಚೌಕ ಹಿಂದಿತ್ತು. ಇನ್ನೊಂದು ಮ್ಯಾಜಿಕ್ ಡಾರ್ಟ್ ಮಂತ್ರ ಬಿಟ್ಟು ಹೊರಡೋಣ, ಇನ್ನೊಂದೇ ಒಂದು ಅಂತ ನಿಂತೆ. ಇದಕ್ಕೆ ಲಕ್ಕನ್ನು ಬಯ್ಯುವುದು ಹೇಗೆ?

ಸಿಗ್ಮಂಡ್ ಅನ್ನೋ ಶತ್ರುವಿನ ವಿಷಯಕ್ಕೆ ಬಂದರೆ ಗೆಳೆಯನ ಮಾತಿನಲ್ಲಿ ಹುರುಳಿದೆ. ಕುಡುಗೋಲು ಹಿಡಿದ ಆ ಮುದುಕ ಅದೃಶ್ಯನಾಗುತ್ತಾನೆ, ತಲೆ ಸುತ್ತುವ ಮಂತ್ರ ಹಾಕುತ್ತಾನೆ, ನಾವು ಕುಡುಕರ ಹಾಗೆ ಎಲ್ಲೆಲ್ಲೋ ಕಾಲಿಡುತ್ತಿರುವಾಗ ಕಥೆ ಮುಗಿಸುತ್ತಾನೆ. ಬೇಗ ಎದುರಾದರೆ ಹಳಬರಿಗೂ ಕಷ್ಟವೇ.

ನಮ್ಮಿಬ್ಬರ ಇನ್ನೊಂದು ಜಗಳ ಸ್ಕ್ರೋಲ್‌ಗಳದ್ದು, ಅಂದರೆ ಓದಿದರೆ ಒಂದು ಸಲ ಮಾಯೆ ಮಾಡುವ ಸುರುಳಿಗಳದ್ದು. ಗುರುತು ಸಿಗದವನ್ನು ಅವನು ಆಪತ್ತಿಗೆ ಅಂತ ಕೂಡಿಡುತ್ತಾನೆ. ನಾನು ಸುತ್ತ ಯಾರೂ ಇಲ್ಲದಾಗಲೇ ಓದಿಬಿಡುತ್ತೇನೆ. ನಮ್ಮನ್ನು ಬೇರೆ ಜಾಗಕ್ಕೆ ಹಾರಿಸುವ ಟೆಲಿಪೋರ್ಟ್ ಯಾವುದು ಅಂತ ಮೊದಲೇ ಗೊತ್ತಿರಬೇಕು ಅಲ್ವಾ, ಅದು ಓದಿದ ತಕ್ಷಣ ಕೆಲಸ ಮಾಡುವುದೂ ಇಲ್ಲ, ಕೆಲವು ಟರ್ನ್ ಬದುಕಿ ಉಳಿಯಬೇಕು. ಸಾಯುವ ಹೊತ್ತಿನಲ್ಲಿ ಓದಿ ಅದು ಬರೀ ಗದ್ದಲದ ಸ್ಕ್ರೋಲ್ ಆಗಿದ್ದರೆ? ಅವನಿಗೆ ಹಾಗೇ ಆಗಿದೆ, ಎರಡು ಸಲ. ಆದರೂ ಬಿಡುವುದಿಲ್ಲ.

ಇವತ್ತು ಮಿನೋಟಾರ್ ಬರ್ಸರ್ಕರ್ (ಗೂಳಿ ತಲೆಯ, ರೋಷದಲ್ಲಿ ಹೊಡೆದಾಡುವ ಯೋಧ) ತಗೊಂಡಿದ್ದೇನೆ. ಮೂರನೇ ಫ್ಲೋರು, ಮೆಟ್ಟಿಲ ಮೇಲೆ ನಿಂತಿದ್ದೇನೆ, ಎಂಟು ಚೌಕದಾಚೆ ಓಗರ್. ನಾನು ಆಡಿದ ಮೇಲಷ್ಟೇ ಶತ್ರು ಆಡುವ ಟರ್ನ್ ಆಟ ತಾನೇ, ನಾನು ಇದನ್ನು ಬರೆದು ಮುಗಿಸುವ ತನಕ ಅದೂ ಕಾಯುತ್ತದೆ.