‘ಯಾರಿಗೂ ಹೇಳುವುದಿಲ್ಲ’ ಎಂದು ನಾನು ಬರೆದ ಸಾಲು

ಮಕ್ಕಳ ಮೇಲಿನ ದೌರ್ಜನ್ಯ ಕುರಿತ ನನ್ನ ಪಿಎಚ್.ಡಿ. ಫೀಲ್ಡ್‌ವರ್ಕ್‌ನ ಎರಡನೆಯ ತಿಂಗಳಲ್ಲಿ, ಒಂದು ಪ್ರೌಢಶಾಲೆಯ ಗ್ರಂಥಾಲಯದ ಕೋಣೆಯಲ್ಲಿ, ಎಂಟನೆಯ ತರಗತಿಯ ಹುಡುಗಿಯೊಬ್ಬಳು ಸಂದರ್ಶನದ ಹನ್ನೊಂದನೆಯ ಪ್ರಶ್ನೆಗೆ ಉತ್ತರಿಸುವ ಮೊದಲು, ಸಂದರ್ಶನಕ್ಕೆ ಮಗುವಿನ ಒಪ್ಪಿಗೆ ಪಡೆಯುವ ಅಸೆಂಟ್ ಫಾರ್ಮನ್ನು ತನ್ನತ್ತ ಎಳೆದುಕೊಂಡು, ಮೂರನೆಯ ಸಾಲಿನ ಮೇಲೆ ಬೆರಳಿಟ್ಟು ಓದಿದಳು: ‘ನೀನು ಹೇಳಿದ್ದನ್ನು ನಾವು ಯಾರಿಗೂ ಹೇಳುವುದಿಲ್ಲ.’ ಓದಿ ಮುಗಿಸಿ, “ಇದು ನಿಜಾನಾ ಮಿಸ್?” ಎಂದು ಕೇಳಿದಳು. ನಾನು “ನಿಜ” ಎಂದೆ.

ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅದು ಅವಳಿಗೆ ಸೇರಿದ್ದು. ಅದು ಮುಗಿದುಹೋದ ಸಂಗತಿಯಾಗಿರಲಿಲ್ಲ, ಆ ಸಂಜೆ ಅವಳು ಹಿಂದಿರುಗಬೇಕಾಗಿದ್ದುದು ಅದೇ ಮನೆಗೆ ಎಂಬುದಷ್ಟೇ ಇಲ್ಲಿ ಮುಖ್ಯ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ವಿರುದ್ಧದ ಪೋಕ್ಸೊ ಕಾಯ್ದೆಯ 19ನೆಯ ಸೆಕ್ಷನ್ ನನಗೆ ಬಾಯಿಪಾಠವಾಗಿತ್ತು. ಇಂಥ ಅಪರಾಧ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ 21ನೆಯ ಸೆಕ್ಷನ್ ಪ್ರಕಾರ ಶಿಕ್ಷೆಯಿದೆ ಎಂದು ನನ್ನ ಸಿನಾಪ್ಸಿಸ್‌ನಲ್ಲಿಯೇ ಬರೆದಿದ್ದೆ. ಅದೇ ಕೈಯಿಂದ ಫಾರ್ಮಿನ ಮೂರನೆಯ ಸಾಲನ್ನೂ ಬರೆದಿದ್ದೆ.

ನಂತರದ ಕೆಲವು ನಿಮಿಷಗಳಲ್ಲಿ ನಾನು ಇನ್ನೂ ಒಂದು ತಪ್ಪು ಮಾಡಿದೆ. ಸುಮ್ಮನಿದ್ದು ಅವಳ ಮಾತಿಗೆ ಜಾಗ ಕೊಡುವ ಬದಲು, “ಯಾವಾಗಿಂದ? ಎಷ್ಟು ಸಲ? ಅಮ್ಮನಿಗೆ ಗೊತ್ತಾ?” ಎಂದು ಒಂದೇ ಉಸಿರಿನಲ್ಲಿ ಕೇಳಿದೆ. ಮಗುವನ್ನು ವಿಚಾರಿಸುವ ತರಬೇತಿ ಪಡೆದವರು, ಅದಕ್ಕೆಂದೇ ಸಿದ್ಧಪಡಿಸಿದ ವಾತಾವರಣದಲ್ಲಿ, ಸಾಧ್ಯವಾದಷ್ಟು ಕಡಿಮೆ ಸಲ ಕೇಳಬೇಕಾದ ಪ್ರಶ್ನೆಗಳು ಅವು. ರೆಕಾರ್ಡರಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಅದನ್ನು ಆರಿಸಬೇಕೆಂಬುದೂ ನನಗೆ ಹೊಳೆಯಲಿಲ್ಲ. ಕೊನೆಗೆ, “ಇದನ್ನ ನಾನು ಹೇಳಲೇಬೇಕಾಗುತ್ತೆ ಪುಟ್ಟಾ” ಎಂದೆ. ಅವಳು ಅಳಲಿಲ್ಲ. ಫಾರ್ಮನ್ನು ನನ್ನ ಕಡೆಗೆ ತಳ್ಳಿ, “ಮತ್ತೆ ಯಾಕೆ ಹಂಗೆ ಬರೆದ್ರಿ?” ಎಂದಳು.

ಆ ಸಂಜೆಯೇ ಮಕ್ಕಳ ಸಹಾಯವಾಣಿ 1098ಕ್ಕೂ ಠಾಣೆಗೂ ತಿಳಿಸಿದೆವು. ಪ್ರಕರಣ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಯಿತು. ಅವಳು ಮತ್ತೆಂದೂ ನನ್ನೊಡನೆ ಮಾತನಾಡಲಿಲ್ಲ.

ಆ ಸಾಲನ್ನು ನಾನು ವಯಸ್ಕ ಮಹಿಳೆಯರ ಕುರಿತ ಹಳೆಯ ಅಧ್ಯಯನವೊಂದರ ಫಾರ್ಮಿನಿಂದ ತೆಗೆದುಕೊಂಡಿದ್ದೆ. ನಮ್ಮ ಕ್ಷೇತ್ರದ ಬಹಳಷ್ಟು ಸಾಧನಗಳು ಬಂದಿರುವುದು ಹಾಗೆಯೇ. ಫೆಲಿಟ್ಟಿ ಮತ್ತು ಆಂಡಾ ಅವರು 1998ರಲ್ಲಿ ಪ್ರಕಟಿಸಿದ, ನಾವೆಲ್ಲರೂ ಉಲ್ಲೇಖಿಸುವ ಎಸಿಇ (ಬಾಲ್ಯದ ಕಹಿ ಅನುಭವಗಳ) ಅಧ್ಯಯನದಲ್ಲಿ ಉತ್ತರಿಸಿದವರು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದ ವಯಸ್ಕರು. ದಶಕಗಳ ಹಿಂದಿನ ಬಾಲ್ಯವನ್ನು ಅವರು ನೆನಪಿಸಿಕೊಂಡು ಬರೆದಿದ್ದರು. 2007ರಲ್ಲಿ ಭಾರತ ಸರ್ಕಾರ 13 ರಾಜ್ಯಗಳ 12,447 ಮಕ್ಕಳನ್ನು ಕೇಳಿ, ಅವರಲ್ಲಿ ಶೇ. 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡರೆಂದು ವರದಿ ಮಾಡಿದಾಗ ಪೋಕ್ಸೊ ಇನ್ನೂ ಬಂದಿರಲಿಲ್ಲ. 2012ರ ನಂತರ ಮಗುವಿನ ಎದುರು ಕುಳಿತವನಿಗೆ ಅಂಥ ಮಾತನ್ನು ಗುಟ್ಟಾಗಿಡುವ ಹಕ್ಕಿಲ್ಲ. ಆದರೆ ಫಾರ್ಮುಗಳು ಹಳೆಯವೇ ಉಳಿದಿವೆ.

ಎಥಿಕ್ಸ್ ಕಮಿಟಿ ನನ್ನ ಪ್ರಸ್ತಾವವನ್ನು ಎರಡು ಸಭೆಗಳಲ್ಲಿ ನೋಡಿತ್ತು. ಆಡಿಯೊ ಕಡತಗಳನ್ನು ಯಾವ ಕಪಾಟಿನಲ್ಲಿಡುತ್ತೀರಿ, ಎಷ್ಟು ವರ್ಷ ಇಡುತ್ತೀರಿ ಎಂದು ವಿಚಾರಿಸಿತು. ಮಗು ಬಾಯಿಬಿಟ್ಟರೆ ಮುಂದಿನ ಅರ್ಧ ಗಂಟೆ ಏನು ಮಾಡುತ್ತೀರಿ ಎಂದು ಒಬ್ಬರೂ ಕೇಳಲಿಲ್ಲ. ಘಟನೆಯ ನಂತರ ಫಾರ್ಮ್ ಬದಲಿಸಲು ಹೊರಟಾಗ, “ಎನ್ ಕಡಿಮೆಯಾಗುತ್ತದೆ, ಯೋಚಿಸಿ” ಎಂದರು ನನ್ನ ಗೈಡ್. ಎನ್ ಎಂದರೆ ಅಧ್ಯಯನದಲ್ಲಿ ಉತ್ತರಿಸುವವರ ಸಂಖ್ಯೆ. ಅವರು ಹೇಳಿದ್ದು ಸುಳ್ಳಲ್ಲ. ಆದರೂ ನಾನು ಬದಲಿಸಿದೆ. ಏಕೆಂದರೆ ಹಿಂಸಿಸುವವನು ಮಗುವಿಗೆ ಹೇಳುವ ‘ಯಾರಿಗೂ ಹೇಳಬೇಡ’ ಎಂಬ ಮಾತಿನ ಪಕ್ಕದಲ್ಲೇ ನನ್ನ ‘ಯಾರಿಗೂ ಹೇಳುವುದಿಲ್ಲ’ ಕುಳಿತಿತ್ತು ಎಂಬುದು ಆ ವೇಳೆಗೆ ನನಗೆ ಅರಿವಾಗಿತ್ತು.

ಈಗ ರೆಕಾರ್ಡರ್ ಹಚ್ಚುವ ಮೊದಲೇ ಬಾಯಿಬಿಟ್ಟು ಹೇಳುತ್ತೇನೆ: “ನಿನಗೆ ಯಾರಾದರೂ ನೋವು ಮಾಡ್ತಿದ್ದಾರೆ ಅಂತ ಗೊತ್ತಾದ್ರೆ ನಾನೊಬ್ಬಳೇ ಅದನ್ನ ಇಟ್ಕೊಳ್ಳೋ ಹಾಗಿಲ್ಲ. ಯಾರಿಗೆ ಹೇಳ್ತೀನಿ ಅನ್ನೋದನ್ನ ಮೊದಲು ನಿನಗೇ ಹೇಳ್ತೀನಿ.” ಮಗು ಅದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳುವವರೆಗೆ ಮುಂದಕ್ಕೆ ಹೋಗುವುದಿಲ್ಲ. ಆಪ್ತಸಮಾಲೋಚಕಿಯೊಬ್ಬರು ಅದೇ ಕಟ್ಟಡದಲ್ಲಿ ಇಲ್ಲದ ದಿನ ಸಂದರ್ಶನವನ್ನೇ ಮಾಡುವುದಿಲ್ಲ.

ಇದನ್ನು ಕೇಳಿದ ಮೇಲೆ ಕೆಲವು ಮಕ್ಕಳು ಹನ್ನೊಂದನೆಯ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುತ್ತಾರೆ. ಅಲ್ಲಿ ‘ಉತ್ತರವಿಲ್ಲ’ ಎಂಬುದಕ್ಕೆ 99 ಎಂದು ಕೋಡ್ ಮಾಡುತ್ತೇನೆ. ಹೊರಡುವ ಮುನ್ನ, ಯಾರಿಗೂ ಯಾರ ಮೇಲೂ ಅನುಮಾನ ಬಾರದಂತೆ, 1098 ಬರೆದ ಚೀಟಿಯನ್ನು ತರಗತಿಯ ಎಲ್ಲ ಮಕ್ಕಳಿಗೂ ಕೊಟ್ಟು ಬರುತ್ತೇನೆ.