ಆ ರೇಸಿಗೆ ಓನರ್ ಯಾರು?

ಕೋಲಾರದ ಗಡಿಯಾರ ಗೋಪುರದಿಂದ ಸ್ವಲ್ಪ ಮುಂದೆ ನನ್ನ ಗೆಳೆಯನ ಬೈಕ್ ಗ್ಯಾರೇಜ್ ಇದೆ. ಸಂಜೆ ಅಲ್ಲಿ ಕೂತು ಫೋನಿನಲ್ಲಿ ಸ್ಪೀಡ್‌ವೇ ಎಂಬ ಬೈಕ್ ರೇಸ್ ನೋಡುತ್ತೇನೆ. ಪೋಲೆಂಡಿನದೋ, ಸ್ವೀಡನ್ನಿನದೋ, ಇಂಗ್ಲೆಂಡಿನದೋ, ಯಾವುದಾದರೂ ಒಂದು. ಗಾಡಿ ಸರ್ವೀಸಿಗೆ ಬಿಟ್ಟು ಕಾಯುವವರು ಪಕ್ಕದಲ್ಲಿ ಬಂದು ಬಗ್ಗಿ ನೋಡುತ್ತಾರೆ. ಮೊದಲು "ಬ್ರೇಕೇ ಇಲ್ವಾ ಅಣ್ಣ?" ಅನ್ನುತ್ತಾರೆ. ಆಮೇಲೆ ತಪ್ಪದೆ ಬರುವ ಪ್ರಶ್ನೆ ಒಂದೇ: "ಇದನ್ನೆಲ್ಲ ನಡೆಸೋರು ಯಾರು? ಓನರ್ ಯಾರು?"

ಐಪಿಎಲ್ ನೋಡಿ ಬೆಳೆದವರು ಹೀಗೆ ಕೇಳುವುದು ಸಹಜ. ತಂಡಕ್ಕೊಬ್ಬ ದೊಡ್ಡ ಓನರ್, ಎಲ್ಲರ ಮೇಲೆ ಒಂದು ಬೋರ್ಡು. ಸ್ಪೀಡ್‌ವೇ ಹಾಗಿಲ್ಲ. ಗಾಡಿ ರೆಡಿಯಾಗುವ ಹೊತ್ತಿನಲ್ಲಿ ಹೇಳಿ ಮುಗಿಸಲು ಆಗದೆ ಎಷ್ಟೋ ಸಲ ಅರ್ಧಕ್ಕೆ ಬಿಟ್ಟಿದ್ದೇನೆ. ಇವತ್ತು ಪೂರ್ತಿ ಬರೆಯುತ್ತೇನೆ.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಮೊಟ್ಟೆಯಾಕಾರದ ಮಣ್ಣಿನ ಟ್ರ್ಯಾಕ್, ಒಂದು ಸುತ್ತು 260ರಿಂದ 425 ಮೀಟರ್. ನಾಲ್ಕು ಜನ, ನಾಲ್ಕು ಸುತ್ತು, ಸುಮಾರು ಒಂದು ನಿಮಿಷದಲ್ಲಿ ಮುಗಿಯಿತು. ಬೈಕು 500 ಸಿಸಿ, ಒಂದೇ ಸಿಲಿಂಡರ್, ಒಂದೇ ಗೇರ್. ಪೆಟ್ರೋಲ್ ಅಲ್ಲ, ಮೆಥನಾಲ್. ತಿರುವು ಬಂದಾಗ ಹಿಂದಿನ ಚಕ್ರವನ್ನು ಜಾರಿಸಿ, ಎಡಗಾಲನ್ನು ನೆಲಕ್ಕೆ ಕೊಟ್ಟು ತಿರುಗಬೇಕು. ಇಂಥ ಒಂದು ಓಟಕ್ಕೆ ಹೀಟ್ ಅಂತಾರೆ. ಒಂದು ಹೀಟಿಗೆ ಎರಡು ತಂಡದಿಂದ ಇಬ್ಬಿಬ್ಬರು. ಗೆದ್ದವನಿಗೆ 3 ಪಾಯಿಂಟ್, ಆಮೇಲೆ 2, ಆಮೇಲೆ 1, ಕೊನೆಯವನಿಗೆ ಸೊನ್ನೆ. ಲೀಗ್ ಪಂದ್ಯ ಎಂದರೆ ಸಾಮಾನ್ಯವಾಗಿ ಇಂಥ 15 ಹೀಟ್.

ಇನ್ನು ಓನರ್ ವಿಷಯ. ನಮ್ಮ ಜಿಲ್ಲೆಯವರಿಗೆ ಇದನ್ನು ಹೇಳುವುದು ಸುಲಭ, ಏಕೆಂದರೆ ನಮಗೆ ಡೈರಿ ಗೊತ್ತು. ಊರಿನಲ್ಲಿ ಹಾಲಿನ ಸೊಸೈಟಿ, ಅದರ ಮೇಲೆ ಜಿಲ್ಲಾ ಒಕ್ಕೂಟ, ಅದರ ಮೇಲೆ ಕೆಎಂಎಫ್. ಸ್ಪೀಡ್‌ವೇಯಲ್ಲೂ ಕೆಳಗೆ ಕ್ಲಬ್. ಅದರ ಮೇಲೆ ಆಯಾ ದೇಶದ ಮೋಟಾರ್‌ಸೈಕಲ್ ಸಂಸ್ಥೆ. ಎಲ್ಲಕ್ಕಿಂತ ಮೇಲೆ ಎಫ್‌ಐಎಂ, ಅಂದರೆ ಅಂತಾರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟ. ಅದು ಹುಟ್ಟಿದ್ದು 1904ರಲ್ಲಿ. ಟ್ರ್ಯಾಕ್ ಎಷ್ಟು ಉದ್ದ ಇರಬೇಕು, ಬೈಕ್ ಹೇಗಿರಬೇಕು, ವಿಶ್ವ ಚಾಂಪಿಯನ್‌ಶಿಪ್ ಹೇಗೆ ನಡೆಯಬೇಕು, ಇವು ಅದರ ಕೆಲಸ. ವಾರವಾರ ನಡೆಯುವ ಲೀಗು ಮಾತ್ರ ಕ್ಲಬ್‌ಗಳದ್ದು. ಜನ ಟಿಕೆಟ್ ತೆಗೆದುಕೊಂಡು ಬರುವುದು ಅದಕ್ಕೇ.

ಆಟ ಹುಟ್ಟಿದ ಜಾಗ ಕೇಳಿದರೆ ನಮ್ಮ ಕಡೆಯವರಿಗೆ ಖುಷಿಯಾಗುತ್ತದೆ. ಆಸ್ಟ್ರೇಲಿಯಾದ ಮೈಟ್‌ಲ್ಯಾಂಡ್ ಎಂಬ ಊರು, 1923ರ ಡಿಸೆಂಬರ್. ಅಲ್ಲಿನ ಕೃಷಿ ಸಂಘದವರು ದನಕರು, ಬೆಳೆ ಎಲ್ಲ ಪ್ರದರ್ಶನಕ್ಕಿಡುವ ಮೈದಾನದಲ್ಲಿ, ಸಂಘದ ಕಾರ್ಯದರ್ಶಿಯಾಗಿದ್ದ ಜಾನಿ ಹಾಸ್ಕಿನ್ಸ್ ಬೈಕ್ ರೇಸ್ ಇಟ್ಟರು. ಮಣ್ಣಿನ ಮೇಲೆ ಬೈಕ್ ಓಡಿಸುವುದು ಅದಕ್ಕೂ ಮೊದಲು ಇತ್ತು. ಆದರೆ ಸ್ಪೀಡ್‌ವೇ ಕಥೆಯನ್ನು ಹೆಚ್ಚಿನವರು ಶುರುಮಾಡುವುದು ಅಲ್ಲಿಂದ. ಆವಣಿ ಜಾತ್ರೆಗೆ ದನ ಕಟ್ಟುವ ಬಯಲಿನಲ್ಲಿ ಒಂದು ಆಟ ಹುಟ್ಟಿ ಲಂಡನ್ನಿಗೆ ಹೋಯಿತು ಅಂದುಕೊಳ್ಳಿ. 1928ರಲ್ಲಿ ಅದು ಇಂಗ್ಲೆಂಡಿಗೆ ಬಂತು. ಮರುವರ್ಷವೇ ಅಲ್ಲಿ ಲೀಗ್ ಶುರುವಾಯಿತು.

ಡೈರಿಯ ಹೋಲಿಕೆ ಒಂದು ಕಡೆ ನಿಂತುಹೋಗುತ್ತದೆ. ನಮ್ಮೂರ ಸೊಸೈಟಿ ಪಕ್ಕದೂರ ಸೊಸೈಟಿಯನ್ನು ಸೋಲಿಸಬೇಕಿಲ್ಲ. ಕ್ಲಬ್‌ಗಳಿಗೆ ಅದೇ ಕೆಲಸ. ಆದರೂ ಬ್ರಿಟನ್ನಿನಲ್ಲಿ ಲೀಗಿನ ನಿಯಮ ಬರೆಯುವವರು ಅದೇ ಕ್ಲಬ್‌ಗಳನ್ನು ನಡೆಸುವವರು. ಅವರನ್ನು ಪ್ರಮೋಟರ್ ಅಂತಾರೆ. ಸೀಸನ್ ಮುಗಿದ ಮೇಲೆ ಚಳಿಗಾಲದಲ್ಲಿ ಎಲ್ಲ ಪ್ರಮೋಟರ್‌ಗಳು ಒಂದೆಡೆ ಕೂತು ಮುಂದಿನ ವರ್ಷದ ಲೆಕ್ಕ ಮಾಡುತ್ತಾರೆ. ನನಗೆ ಇಡೀ ಆಟದಲ್ಲಿ ತುಂಬಾ ಇಷ್ಟವಾದ ವಿಷಯ ಇದೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪ್ರತಿ ಸವಾರನಿಗೂ ಒಂದು ಸರಾಸರಿ ಇರುತ್ತದೆ. ಅವನು ಗಳಿಸಿದ ಪಾಯಿಂಟನ್ನು ಓಡಿಸಿದ ಹೀಟುಗಳಿಂದ ಭಾಗಿಸಿ, ನಾಲ್ಕರಿಂದ ಗುಣಿಸುತ್ತಾರೆ. ಎಲ್ಲ ಹೀಟ್ ಗೆದ್ದವನ ಸರಾಸರಿ 12. ಯಾವಾಗಲೂ ಮೂರನೆಯವನಾದರೆ 4. ತಂಡದಲ್ಲಿ ಏಳು ಜನ. ಆ ಏಳು ಜನರ ಸರಾಸರಿ ಕೂಡಿದರೆ ಇಷ್ಟನ್ನು ಮೀರಬಾರದು ಎಂದು ಪ್ರಮೋಟರ್‌ಗಳೇ ಮಿತಿ ಹಾಕಿಕೊಳ್ಳುತ್ತಾರೆ. ಮಿತಿ 40 ಎಂದಿಟ್ಟುಕೊಳ್ಳಿ. ಹತ್ತು ಹತ್ತರ ಮೂವರನ್ನು ತಂದರೆ ಉಳಿದ ನಾಲ್ವರಿಗೆ ಸಿಗುವುದು ಬರೀ 10. ಹೊಸ ಹುಡುಗರನ್ನು ಹಾಕಿಕೊಳ್ಳದೆ ಬೇರೆ ದಾರಿ ಇಲ್ಲ.

ಇದರಿಂದ ಏನಾಗುತ್ತದೆ ಗೊತ್ತಾ? ಒಂದು ತಂಡ ಈ ವರ್ಷ ಚೆನ್ನಾಗಿ ಆಡಿತು ಅಂದರೆ ಎಲ್ಲರ ಸರಾಸರಿ ಏರುತ್ತದೆ. ಮುಂದಿನ ವರ್ಷ ಅದೇ ಏಳು ಜನ ಮಿತಿಯೊಳಗೆ ಕೂರುವುದಿಲ್ಲ. ಗೆದ್ದ ತಂಡವೇ ತನ್ನವರಲ್ಲಿ ಒಬ್ಬನನ್ನೋ ಇಬ್ಬರನ್ನೋ ಬಿಟ್ಟುಕೊಡಬೇಕು. ಅಭಿಮಾನಿಗಳಿಗೆ ಇದು ಬಹಳ ನೋವಿನ ವಿಷಯ. ಆದರೂ ನಾನು ಈ ನಿಯಮದ ಪರ. ಎದುರಾಳಿ ಬಾಗಿಲು ಮುಚ್ಚಿದರೆ ನಮ್ಮ ಬಾಗಿಲೂ ಮುಚ್ಚಿದಂತೆ. ಒಬ್ಬರೇ ರೇಸ್ ಮಾಡಲು ಆಗಲ್ಲ ಅಲ್ವಾ? ದುಡ್ಡಿದ್ದವನು ಎಲ್ಲ ಒಳ್ಳೆಯ ಸವಾರರನ್ನು ಬಾಚಿಕೊಂಡರೆ ಸಣ್ಣ ಊರಿನ ಕ್ಲಬ್ ಎರಡೇ ವರ್ಷದಲ್ಲಿ ಮುಳುಗುತ್ತದೆ. ನನಗೆ ಸರಿ ಕಾಣದಿರುವುದು ಒಂದೇ. ಆ ಸಭೆ ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆ, ಟಿಕೆಟ್ ಕೊಳ್ಳುವವನಿಗೆ ಅಲ್ಲಿ ಮಾತಿಲ್ಲ.

ದುಡ್ಡಿನ ವಿಷಯದಲ್ಲಿ ಡೈರಿ ಮತ್ತೆ ನೆನಪಾಗುತ್ತದೆ. ಡೈರಿಯಲ್ಲಿ ಫ್ಯಾಟ್ ನೋಡಿ ಹಾಲಿಗೆ ದುಡ್ಡು ಕೊಡುತ್ತಾರೆ. ಇಲ್ಲಿ ಪಾಯಿಂಟ್ ನೋಡಿ ದುಡ್ಡು. ಸವಾರ ಕ್ಲಬ್ಬಿನ ಸಂಬಳದ ನೌಕರ ಅಲ್ಲ. ಬೈಕು ಅವನದು, ಎಂಜಿನ್ ಅವನದು, ಮೆಕ್ಯಾನಿಕ್ ಅವನದು, ಎಲ್ಲ ಹೇರಿಕೊಂಡು ಹೋಗುವ ವ್ಯಾನೂ ಅವನದೇ. ಬಿದ್ದು ಮೂಳೆ ಮುರಿದರೆ ಪಾಯಿಂಟ್ ನಿಂತಿತು, ಆದಾಯವೂ ನಿಂತಿತು. ಅದಕ್ಕೇ ದೊಡ್ಡ ಸವಾರರು ಒಂದೇ ವಾರದಲ್ಲಿ ಎರಡು ಮೂರು ದೇಶದಲ್ಲಿ ಓಡಿಸುತ್ತಾರೆ. ದಿನಗಳು ಡಿಕ್ಕಿ ಹೊಡೆಯದಂತೆ ಲೀಗುಗಳು ವಾರ ಹಂಚಿಕೊಂಡಿವೆ. ಸ್ವೀಡನ್ನಿಗೆ ಹೆಚ್ಚಾಗಿ ಮಂಗಳವಾರ, ಪೋಲೆಂಡಿನ ಮೇಲಿನ ಲೀಗಿಗೆ ಶುಕ್ರವಾರ ಮತ್ತು ಭಾನುವಾರ, ವಿಶ್ವ ಚಾಂಪಿಯನ್‌ಶಿಪ್ಪಿಗೆ ಶನಿವಾರ.

ಬೋನಸ್ ಪಾಯಿಂಟ್ ಅಂತ ಇನ್ನೊಂದಿದೆ. ತನ್ನ ತಂಡದವನ ಹಿಂದೆಯೇ ಬಂದು, ಎದುರಾಳಿಯನ್ನು ಹಿಂದೆ ಹಾಕಿದವನಿಗೆ ಅದು ಸಿಗುತ್ತದೆ. ತಂಡದ ಮೊತ್ತಕ್ಕೆ ಸೇರುವುದಿಲ್ಲ, ಸವಾರನ ಲೆಕ್ಕಕ್ಕೆ ಸೇರುತ್ತದೆ. ಜೊತೆಗಾರನನ್ನು ಹಿಂದಿಕ್ಕಲು ಹೋಗಿ ಇಬ್ಬರೂ ಬೀಳಬೇಡಿ, ಅವನಿಗೆ ಕಾವಲು ಇರಿ ಎಂದು ಹೇಳುವ ದಾರಿ ಇದು. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ ನೋಡಿ.

(ಗ್ಯಾರೇಜಿನಲ್ಲಿ ಹಳಬರು ಯಾರಾದರೂ ಇದ್ದರೆ ಇಲ್ಲಿ ಜಾವಾ ಮಾತು ಬಂದೇ ಬರುತ್ತದೆ. ಹೌದು, ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾದ ಮೂಲ ಕಂಪನಿ ಚೆಕ್ ದೇಶದ್ದು. ಅದೇ ಕಂಪನಿ ಸ್ಪೀಡ್‌ವೇ ಬೈಕುಗಳನ್ನೂ ಮಾಡುತ್ತಿತ್ತು. ಅಪ್ಪನ ಹತ್ತಿರ ಜಾವಾ ಇತ್ತು. ಸ್ಪೀಡ್‌ವೇಯ ಹಳೆಯ ಫೋಟೋದಲ್ಲಿ ಆ ಹೆಸರು ಕಂಡ ದಿನವೇ ನಾನು ಈ ಆಟಕ್ಕೆ ಬಿದ್ದದ್ದು.)

ಕ್ಲಬ್ಬಿನವರೇ ನಿಯಮ ಬರೆದರೆ ಮೇಲಿನವರು ಸುಮ್ನೆ ಇರುತ್ತಾರಾ? ಇರಲಿಲ್ಲ. 1963ರ ಕೊನೆಗೆ ಬ್ರಿಟನ್ನಿನಲ್ಲಿ ಎರಡು ಲೀಗ್ ಇದ್ದವು. ದೊಡ್ಡದು ನ್ಯಾಷನಲ್ ಲೀಗ್, ಅದರಲ್ಲಿ ಉಳಿದಿದ್ದವು ಕೆಲವೇ ತಂಡ. ಚಿಕ್ಕದು ಪ್ರಾವಿನ್ಶಿಯಲ್ ಲೀಗ್, ಅದು ಚೆನ್ನಾಗಿ ನಡೆಯುತ್ತಿತ್ತು. ದೊಡ್ಡ ಲೀಗಿನ ಒಂದು ಕ್ಲಬ್ ಮುಚ್ಚಿತು. ಆಗ ಆಡಳಿತ ನಡೆಸುತ್ತಿದ್ದ ಕಂಟ್ರೋಲ್ ಬೋರ್ಡ್, ಚಿಕ್ಕ ಲೀಗ್ ಗೆದ್ದಿದ್ದ ವುಲ್ವರ್‌ಹ್ಯಾಂಪ್ಟನ್ ಕ್ಲಬ್ಬಿಗೆ ‘ನೀವು ಮೇಲೆ ಬನ್ನಿ’ ಎಂದು ಆದೇಶ ಕೊಟ್ಟಿತು. ಅವರು ಒಪ್ಪಲಿಲ್ಲ. ಚಿಕ್ಕ ಲೀಗಿನ ಉಳಿದ ಕ್ಲಬ್‌ಗಳೂ ಅವರ ಬೆನ್ನಿಗೆ ನಿಂತವು. 1964ರ ಇಡೀ ಸೀಸನ್ ಆ ಲೀಗ್ ಬೋರ್ಡಿನ ಲೈಸೆನ್ಸ್ ಇಲ್ಲದೆ ನಡೆಯಿತು. ಅಲ್ಲಿ ಓಡಿಸಿದವರಿಗೆ ಅಂತಾರಾಷ್ಟ್ರೀಯ ರೇಸಿನ ಬಾಗಿಲು ಮುಚ್ಚಿತು. ವಿಶ್ವ ಚಾಂಪಿಯನ್ ಆಗುವ ಕನಸಿದ್ದ ಹುಡುಗರಿಗೆ ಅದು ಸಣ್ಣ ಬೆಲೆಯಲ್ಲ.

ಕೊನೆಗೆ ಲಾರ್ಡ್ ಶಾಕ್ರಾಸ್ ಎಂಬ ಹಿರಿಯ ವಕೀಲರ ಕೈಯಲ್ಲಿ ವಿಚಾರಣೆ ಮಾಡಿಸಿದರು. 1965ರಲ್ಲಿ ಎರಡೂ ಲೀಗ್ ಕೂಡಿ 18 ತಂಡಗಳ ಬ್ರಿಟಿಷ್ ಲೀಗ್ ಆಯಿತು. ಪ್ರಮೋಟರ್‌ಗಳ ಸಂಘ ಹುಟ್ಟಿದ್ದೂ ಆಗಲೇ. ಅಂದಿನಿಂದ ಕೆಲಸ ಹಂಚಿಹೋಗಿದೆ. ಲೀಗ್ ನಡೆಸುವುದು ಪ್ರಮೋಟರ್‌ಗಳು. ಲೈಸೆನ್ಸ್ ಕೊಡುವುದು, ರೆಫರಿ ಕಳಿಸುವುದು, ಶಿಸ್ತು ನೋಡುವುದು ಕಂಟ್ರೋಲ್ ಬೋರ್ಡು. ಈಗ ಅದಕ್ಕೆ ಸ್ಪೀಡ್‌ವೇ ಕಂಟ್ರೋಲ್ ಬ್ಯೂರೋ ಎಂದು ಹೆಸರು.

ರೆಫರಿ ಹೊರಗಿನಿಂದ ಬರುವುದು ಬಹಳ ಮುಖ್ಯ. ಟ್ರ್ಯಾಕ್ ತವರಿನ ಕ್ಲಬ್ಬಿನದು. ಮಣ್ಣು ಹದ ಮಾಡಿ ನೀರು ಹಾಕುವವರು ಅವರ ಜನ. ಟಿಕೆಟ್ ಮಾರುವವರೂ ಅವರೇ. ಆದರೆ ಮೇಲಿನ ಕೋಣೆಯಲ್ಲಿ ಕೂತು, ಗುಂಡಿ ಒತ್ತಿ, ಸ್ಟಾರ್ಟಿನಲ್ಲಿ ಸವಾರರ ಮುಂದೆ ಅಡ್ಡ ಕಟ್ಟಿದ ಟೇಪ್ ಎತ್ತುವವನು ಅವರ ಮನುಷ್ಯ ಅಲ್ಲ. ಯಾರಾದರೂ ತಪ್ಪು ಮಾಡಿದರೆ ಅವರ ಹೆಲ್ಮೆಟ್ ಬಣ್ಣದ ದೀಪ ಹಚ್ಚುತ್ತಾನೆ. ಅಲ್ಲಿಗೆ ಆ ಸವಾರ ಆ ಹೀಟಿನಿಂದ ಹೊರಗೆ. ಮಳೆ ಬಂದು ಟ್ರ್ಯಾಕ್ ಕೆಟ್ಟರೆ ಪಂದ್ಯ ನಿಲ್ಲಿಸುವ ಅಧಿಕಾರವೂ ಅವನದೇ. ಆಂಬುಲೆನ್ಸ್ ಗಾಯಗೊಂಡವನನ್ನು ಒಯ್ದರೆ, ಇನ್ನೊಂದು ಬರುವ ತನಕ ಎಲ್ಲರೂ ಕಾಯುತ್ತಾರೆ.

ಆಂಬುಲೆನ್ಸ್ ಮಾತನ್ನು ನಾನು ಎಲ್ಲರಿಗೂ ಒತ್ತಿ ಹೇಳಲು ಕಾರಣ ಇದೆ. ಭಾನುವಾರಗಳಲ್ಲಿ ನಾನು ಮಣ್ಣಿನ ರೇಸುಗಳಿಗೆ ಮಾರ್ಷಲ್ ಆಗಿ ಹೋಗುತ್ತೇನೆ, ಬಾವುಟ ಹಿಡಿಯುವ ಕೆಲಸ. ಕೆಲವು ವರ್ಷದ ಹಿಂದೆ ನಮ್ಮ ಕಡೆಯ ಒಂದು ಒಣಗಿದ ಕೆರೆಯಲ್ಲಿ ರೇಸ್ ಇಟ್ಟಿದ್ದರು. ಯಾರ ಅನುಮತಿಯೂ ಇರಲಿಲ್ಲ. ಅದು ನನಗೆ ಗೊತ್ತಿದ್ದೂ ಹೋದೆ. ಮಧ್ಯಾಹ್ನ ಒಬ್ಬ ಹುಡುಗ ನನ್ನ ಕಣ್ಣೆದುರೇ ಬಿದ್ದ, ಭುಜದ ಮೂಳೆ ಮುರಿಯಿತು. ಆಂಬುಲೆನ್ಸ್ ಎಲ್ಲಿ ಅಂದರೆ ಇಲ್ಲ. ಟೊಮೆಟೊ ಸಾಗಿಸುವ ಟೆಂಪೋದಲ್ಲಿ ಗೋಣಿಚೀಲ ಹಾಸಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅವನು ‘ಅಮ್ಮನಿಗೆ ಹೇಳಬೇಡಿ ಅಣ್ಣ’ ಎನ್ನುತ್ತಿದ್ದ. ನಾವು ಹೊರಟ ಮೇಲೂ ಅಲ್ಲಿ ರೇಸ್ ನಿಲ್ಲಲಿಲ್ಲ. ಅವತ್ತಿನಿಂದ ಲೈಸೆನ್ಸ್ ಇಲ್ಲದ ಕಡೆ ನಾನು ಬಾವುಟ ಹಿಡಿದಿಲ್ಲ.

ಎಲ್ಲ ದೇಶದಲ್ಲೂ ಬ್ರಿಟನ್ನಿನ ಹಾಗೇ ಇಲ್ಲ. ಪೋಲೆಂಡಿನಲ್ಲಿ ಮೇಲಿನ ಲೀಗ್ ನಡೆಸಲು ಪ್ರತ್ಯೇಕ ಕಂಪನಿ ಇದೆ, ದುಡ್ಡು ಜಾಸ್ತಿ. ಹಾಗಂತ ಬರೀ ವಿದೇಶಿ ಸ್ಟಾರುಗಳನ್ನು ತುಂಬಿಕೊಳ್ಳಲು ಬಿಡುವುದಿಲ್ಲ. ತಂಡದಲ್ಲಿ ಜೂನಿಯರ್ ಹುಡುಗರು ಇರಲೇಬೇಕು, ಎರಡನೇ ಹೀಟ್ ಅವರಿಗೇ ಮೀಸಲು. ಸ್ವೀಡನ್ನಿನ ಕ್ಲಬ್‌ಗಳು ನಮ್ಮ ಸೊಸೈಟಿಗೆ ಹತ್ತಿರ. ಅವು ಸದಸ್ಯರ ಸಂಘಗಳು. ಚಂದಾ ಕಟ್ಟಿದವರೇ ಸಭೆಯಲ್ಲಿ ಕೂತು ಅಧ್ಯಕ್ಷರನ್ನು ಆರಿಸುತ್ತಾರೆ. ಪಂದ್ಯದ ದಿನ ಗೇಟಿನಲ್ಲಿ ನಿಲ್ಲುವವರು, ತಿಂಡಿ ಮಾರುವವರು, ಮಣ್ಣು ಎಳೆಯುವವರು ಹೆಚ್ಚಿನವರು ಸ್ವಯಂಸೇವಕರು. ಮೋಲಿಲ್ಲ ಎಂಬ ಊರಿನ ಜನಸಂಖ್ಯೆ 1500ರ ಆಸುಪಾಸು. ಅಷ್ಟು ಚಿಕ್ಕ ಊರಿನ ಡಕಾರ್ನಾ ಕ್ಲಬ್ ಮೇಲಿನ ಲೀಗಿನಲ್ಲಿ ಆಡುತ್ತದೆ, ವಿಶ್ವ ಚಾಂಪಿಯನ್‌ಶಿಪ್ಪಿನ ಸುತ್ತುಗಳೂ ಆ ಊರಿನಲ್ಲಿ ನಡೆದಿವೆ. ಓನರ್ ಯಾರು ಅಂದರೆ ಅಲ್ಲಿ ಊರೇ ಓನರ್.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಉಳಿಯುತ್ತದೆ. ನೆಲ. ಬ್ರಿಟನ್ನಿನ ಎಷ್ಟೋ ಕ್ಲಬ್‌ಗಳಿಗೆ ಸ್ವಂತ ಸ್ಟೇಡಿಯಂ ಇಲ್ಲ, ಬಾಡಿಗೆ. ನಾಯಿ ರೇಸ್ ನಡೆಯುವ ಸ್ಟೇಡಿಯಮ್ಮಿನಲ್ಲಿ ವಾರಕ್ಕೊಂದು ದಿನ ಇವರಿಗೆ. ನಿಯಮ ಬರೆಯುವ ಕೈಯಲ್ಲಿ ಜಾಗದ ಪತ್ರ ಇಲ್ಲ. ಕೊವೆಂಟ್ರಿ ಕ್ಲಬ್ 2016ರ ನಂತರ ತನ್ನ ಬ್ರ್ಯಾಂಡನ್ ಸ್ಟೇಡಿಯಂ ಕಳೆದುಕೊಂಡಿತು. ಅಲ್ಲಿ ಮನೆ ಕಟ್ಟುವ ಯೋಜನೆ ಬಂತು. ಅಭಿಮಾನಿಗಳು ವರ್ಷಗಟ್ಟಲೆ ಹೋರಾಡಿದರು. 1964ರಲ್ಲಿ ಬೋರ್ಡಿಗೇ ಆಗಲ್ಲ ಎಂದಿದ್ದ ವುಲ್ವರ್‌ಹ್ಯಾಂಪ್ಟನ್ ಕ್ಲಬ್ 2023ರಲ್ಲಿ ತನ್ನ ಮನ್ಮೋರ್ ಗ್ರೀನ್ ಸ್ಟೇಡಿಯಮ್ಮಿನಲ್ಲಿ ಕೊನೆಯ ರೇಸ್ ಓಡಿತು. ಅಲ್ಲಿ ಸ್ಪೀಡ್‌ವೇ ಶುರುವಾಗಿದ್ದು 1928ರಲ್ಲಿ. ಈ ಸಲ ಜೊತೆಗೆ ನಿಲ್ಲಲು ಎಷ್ಟು ಕ್ಲಬ್ ಇದ್ದರೂ ಉಪಯೋಗ ಇರಲಿಲ್ಲ. ಆ ಕೊನೆಯ ರಾತ್ರಿಯ ವಿಡಿಯೋ ನೋಡುವಾಗ ನನಗೆ ಮಾತು ಹೊರಡಲಿಲ್ಲ. ಬೆಂಗಳೂರು ರಸ್ತೆಯಲ್ಲಿ ನಾವು ಕ್ರಿಕೆಟ್ ಆಡುತ್ತಿದ್ದ ಬಯಲಿನಲ್ಲಿ ಈಗ ಲೇಔಟಿನ ಸೈಟು ಕಲ್ಲುಗಳಿವೆ. ಹಾಗಾಗಿ ಅವರ ನೋವು ನನಗೆ ದೂರದ್ದು ಅನಿಸುವುದಿಲ್ಲ.

ನಮ್ಮಲ್ಲಿ ಸ್ಪೀಡ್‌ವೇ ಲೀಗ್ ಇಲ್ಲ. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೆ ಹೆಸರಿನಲ್ಲಿ ಸ್ಪೀಡ್‌ವೇ ಇದೆ, ಆದರೆ ಅದು ಡಾಂಬರಿನ ಸರ್ಕ್ಯೂಟ್, ಬೇರೆ ಆಟ. ಮೋಟಾರ್ ರೇಸಿಗೆ ನಮ್ಮ ದೇಶದ ಸಂಸ್ಥೆ ಎಫ್‌ಎಂಎಸ್‌ಸಿಐ, ಅಂದರೆ ಫೆಡರೇಷನ್ ಆಫ್ ಮೋಟರ್ ಸ್ಪೋರ್ಟ್ಸ್ ಕ್ಲಬ್ಸ್ ಆಫ್ ಇಂಡಿಯಾ, ಕಚೇರಿ ಚೆನ್ನೈನಲ್ಲಿ. ಅದೂ ಹೆಸರಿಗೆ ತಕ್ಕಂತೆ ಕ್ಲಬ್‌ಗಳ ಒಕ್ಕೂಟವೇ, ಎಫ್‌ಐಎಂಗೆ ಸೇರಿದ್ದು. ಮಣ್ಣಿನ ಮೇಲೆ ಓಡಿಸುವ ಹುಡುಗರು ನಮ್ಮಲ್ಲಿ ಕಡಿಮೆ ಏನಿಲ್ಲ. 2015ರಲ್ಲಿ ಡಾಕಾರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯ ಸಿ. ಎಸ್. ಸಂತೋಷ್ ಬೈಕ್ ಕಲಿಸುವ ತಮ್ಮ ಡರ್ಟ್ ಪಾರ್ಕ್ ಮಾಡಿರುವುದು ನಮ್ಮ ಕೋಲಾರದ ಕಡೆಯೇ.

ಹೋದ ವಾರ ಗ್ಯಾರೇಜಿನಲ್ಲಿ ಇದನ್ನೆಲ್ಲ ಒಬ್ಬ ಹುಡುಗನಿಗೆ ಹೇಳಿದೆ. ಮಾಲೂರಿನವನು, ಡಿಪ್ಲೊಮಾ ಓದುತ್ತಿದ್ದಾನೆ. ಗಾಡಿ ರೆಡಿಯಾಗಿ ಅರ್ಧ ಗಂಟೆಯಾದರೂ ಏಳಲಿಲ್ಲ.

"ಹಾಗಾದ್ರೆ ಅಣ್ಣ, ನಾವೇ ಒಂದು ಕ್ಲಬ್ ಮಾಡಬಹುದಾ?"

"ಮಾಡಬಹುದು" ಅಂದೆ. "ಯಾವ ಜಾಗ ನೋಡಿದ್ದೀಯ, ಅದು ಯಾರ ಹೆಸರಿನಲ್ಲಿದೆ, ಮೊದಲು ಪಹಣಿ ತೆಗೆಸಿಕೊಂಡು ಬಾ."